ಮಿಡತೆಯಾಗಿ ಯುದ್ಧಕ್ಕೆ ಹೋದ ಹಳದಿ ಕಬ್

ವಿಮಾನ ದುರಸ್ತಿಯವನಾಗಿ ನನಗೆ ಪೈಪರ್ ಜೆ-3 ಕಬ್ ಎಂಬ ಪುಟ್ಟ ವಿಮಾನದ ಮೇಲೆ ವಿಶೇಷ ಮಮತೆ. ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಇಂಧನ ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಮೇಲಕ್ಕೆ ಚಾಚಿರುತ್ತದೆ, ಅದರ ಕೆಳತುದಿಯಲ್ಲಿ ಬೆಂಡು. ಪೆಟ್ರೋಲ್ ಇಳಿದ ಹಾಗೆ ತಂತಿಯೂ ಒಳಗಿಳಿಯುತ್ತದೆ. ಪೈಲಟ್ ಮುಂಗಾಜಿನಾಚೆ ಕಣ್ಣು ಹಾಯಿಸಿದರೆ ಸಾಕು, ಲೆಕ್ಕ ಸಿಕ್ಕಿತು. ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಲ್ಲೇ ತಿರುಗಿಸಿ ಎಂಜಿನ್ ಶುರು ಮಾಡಬೇಕು.

ಅಮೆರಿಕದ ಪೆನ್ಸಿಲ್ವೇನಿಯಾದ ಲಾಕ್ ಹೇವನ್‌ನಲ್ಲಿ ತಯಾರಾಗುತ್ತಿದ್ದ ಈ ವಿಮಾನ ಹಾರಾಟ ಕಲಿಯುವವರಿಗೆಂದೇ ಇದ್ದದ್ದು. 65 ಅಶ್ವಶಕ್ತಿಯ ಎಂಜಿನ್, ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಿಗಿದ ಬಟ್ಟೆ. 1941ರ ಸಮರಾಭ್ಯಾಸದಲ್ಲಿ ಹಳ್ಳದಿಣ್ಣೆಯ ನೆಲದ ಮೇಲೆ ಕುಪ್ಪಳಿಸುತ್ತ ಇಳಿದ ಕಬ್ ವಿಮಾನವನ್ನು ನೋಡಿ ಸೇನಾಧಿಕಾರಿ ಇನಿಸ್ ಸ್ವಿಫ್ಟ್ ಅದನ್ನು ‘ಗ್ರಾಸ್‌ಹಾಪರ್’, ಅಂದರೆ ಮಿಡತೆ, ಎಂದು ಕರೆದರು. ಹೆಸರು ಅಂಟಿಕೊಂಡಿತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಇದಕ್ಕೆ ಎಲ್-4 ಎಂದು ಹೆಸರಿಟ್ಟಿತು. ಹಿಂಬದಿಗೆ ದೊಡ್ಡ ಕಿಟಕಿಗಳು ಬಂದವು, ರೇಡಿಯೊ ಬಂತು, ಹಳದಿಯ ಜಾಗದಲ್ಲಿ ಮಾಸಲು ಹಸಿರು ಬಂತು. ಎಂಜಿನ್ ಮಾತ್ರ ಅಷ್ಟೇ ಶಕ್ತಿಯದು. ಯುದ್ಧಕ್ಕೆ ಬೇಕಾದ ಗುಣವೆಲ್ಲ ಅದರಲ್ಲಿ ಮೊದಲೇ ಇತ್ತೆಂಬುದೇ ನನ್ನ ಎಣಿಕೆ. ಗಂಟೆಗೆ ಸುಮಾರು 120 ಕಿ.ಮೀ. ವೇಗ ಯುದ್ಧವಿಮಾನಕ್ಕೆ ಏನೂ ಅಲ್ಲ. ಆದರೆ ಫಿರಂಗಿಯ ಗುಂಡು ಎಲ್ಲಿ ಬಿತ್ತೆಂದು ನೋಡಿ, ‘ಇನ್ನಷ್ಟು ಎಡಕ್ಕೆ’ ಎಂದು ರೇಡಿಯೊದಲ್ಲಿ ತಿದ್ದುವವನಿಗೆ ಆ ನಿಧಾನವೇ ಬೇಕು. ರಸ್ತೆಯ ಒಂದು ತುಂಡು, ಹುಲ್ಲುಗಾವಲು, ಎಲ್ಲಾದರೂ ಇಳಿಯಬಹುದು. ಬಟ್ಟೆಗೆ ಗುಂಡು ತೂರಿದರೆ ತೇಪೆ ಅಂಟಿಸಿ, ಬಟ್ಟೆಯನ್ನು ಬಿಗಿಗೊಳಿಸುವ ಡೋಪ್ ಎಂಬ ಮೆರುಗೆಣ್ಣೆ ಬಳಿದು, ಒಣಗಿಸಿ ಮತ್ತೆ ಹಾರಿಸಬಹುದು. ತಲೆಯ ಮೇಲೆ ಎಲ್-4 ಸುತ್ತುತ್ತಿದ್ದರೆ ಜರ್ಮನ್ ಫಿರಂಗಿಗಳು ಎಷ್ಟೋ ಸಲ ಸುಮ್ಮನಾಗುತ್ತಿದ್ದವು. ಹಾರಿಸಿದರೆ ತಮ್ಮ ಠಾವು ಬಯಲಾಗುತ್ತದಲ್ಲ.

ಆದರೆ ಒಳಗೆ ಕುಳಿತವರಿಗೆ ರಕ್ಷಣಾಕವಚವೇ ಇರಲಿಲ್ಲ, ಇದನ್ನು ಮರೆಯಬಾರದು. 1942ರ ನವೆಂಬರ್‌ನಲ್ಲಿ ಮೊರಾಕೊ ಕರಾವಳಿಯಾಚೆ ಅಮೆರಿಕದ ವಿಮಾನವಾಹಕ ಹಡಗು ರೇಂಜರ್‌ನಿಂದ ಮೂರು ಎಲ್-4ಗಳು ಹಾರಿದಾಗ ಅವುಗಳ ಮೇಲೆ ಮೊದಲು ಗುಂಡು ಹಾರಿಸಿದ್ದು ಸ್ವಂತ ಪಕ್ಷದ ಹಡಗುಗಳೇ.

ಇತಿಹಾಸದ ಮೇಷ್ಟ್ರಾಗಿದ್ದು ಸೇನೆಯ ಪೈಲಟ್ ಆದ ಚಾರ್ಲ್ಸ್ ಕಾರ್ಪೆಂಟರ್ ತಮ್ಮ ಎಲ್-4ನ ರೆಕ್ಕೆಯ ಆಸರೆಕಂಬಗಳಿಗೆ ಆರು ಬಜೂಕಾ, ಅಂದರೆ ಹೆಗಲ ಮೇಲಿಟ್ಟು ರಾಕೆಟ್ ಹಾರಿಸುವ ಕೊಳವೆ, ಕಟ್ಟಿಕೊಂಡು 1944ರಲ್ಲಿ ಫ್ರಾನ್ಸಿನಲ್ಲಿ ಜರ್ಮನ್ ಟ್ಯಾಂಕುಗಳ ಮೇಲೆ ಎರಗಿದರು. ಅದೇ ವಿಮಾನ ಯುದ್ಧ ಮುಗಿದ ಮೇಲೆ ಆಸ್ಟ್ರಿಯಾದಲ್ಲಿ ಎಂಜಿನ್ ಇಲ್ಲದ ಗ್ಲೈಡರ್‌ಗಳನ್ನು ಎಳೆದು ಮೇಲೇರಿಸುವ ಕೆಲಸಕ್ಕೆ ಹೋಯಿತು.