ವಿಡಿಯೊ ಹಾಕುವ ಮೊದಲು ಪೆನ್ನು ಹಿಡಿಸಿ

ಪೋಷಕರ ಸಭೆ ಮುಗಿಯುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: “ಮಿಸ್, ಮಗಳಿಗೆ ಯಾವ ಆ್ಯಪ್ ಹಾಕಿಕೊಡಲಿ?” ಹೊಸ ಶಿಕ್ಷಕರದ್ದೂ ಇದೇ ಪ್ರಶ್ನೆ. ನಾನು ಆರರಿಂದ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವವಳು. ಆ್ಯಪ್‌ಗಳಿಗೇನೂ ಬರವಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲೇ ಬೇಕಾದಷ್ಟು ಸಿಗುತ್ತದೆ. ಪರದೆ ನೋಡುವ ಮೊದಲು ಮಗು ಏನು ಮಾಡಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ವಿದ್ಯುತ್ ಮಂಡಲದ ಪಾಠ ತಗೊಳ್ಳಿ. ವಿಡಿಯೊದಲ್ಲಿ ಬಲ್ಬ್ ಉರಿಯುವುದನ್ನು ನೋಡಿ ಇಡೀ ಕ್ಲಾಸು “ಅರ್ಥ ಆಯ್ತು ಮಿಸ್” ಅನ್ನುತ್ತದೆ. ಆಮೇಲೆ ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಎರಡು ತುಂಡು ವೈರ್ ಕೈಗೆ ಕೊಡಿ. ಎಷ್ಟೋ ಮಕ್ಕಳು ಎರಡೂ ವೈರನ್ನು ಬಲ್ಬಿನ ತಳದ ಚುಕ್ಕೆಗೇ ಒತ್ತಿ ಹಿಡಿಯುತ್ತಾರೆ. ಪಕ್ಕದ ಲೋಹದ ಕವಚಕ್ಕೂ ಒಂದು ವೈರ್ ಮುಟ್ಟಬೇಕು ಅನ್ನುವುದು ವಿಡಿಯೊದಲ್ಲಿ ಇತ್ತು. ಇವರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಅದನ್ನು ಹುಡುಕುವ ಅಗತ್ಯವೇ ಇವರಿಗೆ ಬಂದಿರಲಿಲ್ಲವಲ್ಲ.

ಅದಕ್ಕೇ ಮೊದಲು ಚಿತ್ರ ಬರೆಸಿ. ಎರಡು ನಿಮಿಷ ಸಾಕು. ವೈರ್ ಎಲ್ಲೆಲ್ಲಿ ಮುಟ್ಟಿದರೆ ಬಲ್ಬ್ ಹತ್ತುತ್ತದೆ ಅಂತ ಪ್ರತಿಯೊಬ್ಬರೂ ಬರೆಯಲಿ. ಪೆನ್ನಲ್ಲೇ ಬರೆಯಲಿ. ಪೆನ್ಸಿಲ್ ಆದರೆ ವಿಡಿಯೊ ನೋಡುತ್ತಲೇ ಅಳಿಸಿ ಸರಿ ಮಾಡಿಬಿಡುತ್ತಾರೆ. ಬರೆದ ಮಗು ತನ್ನ ಗೆರೆ ಎಲ್ಲಿ ತಪ್ಪಿತು ಅಂತ ಪರದೆಯಲ್ಲಿ ಹುಡುಕುತ್ತದೆ. ಬರೆಯದ ಮಗು ಸುಮ್ನೆ ನೋಡಿ, “ನಂಗೆ ಮೊದಲೇ ಗೊತ್ತಿತ್ತು” ಅಂದುಕೊಳ್ಳುತ್ತದೆ. ಬಾಯಲ್ಲಿ ಕೇಳಿದರೆ ಸಾಲದಾ ಅಂತ ಶಿಕ್ಷಕರು ಕೇಳುತ್ತಾರೆ. ಸಾಲದು. ಮುಂದಿನ ಬೆಂಚಿನ ಇಬ್ಬರು ಉತ್ತರ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಪ್ರತಿ ಮಗುವಿನ ಊಹೆ ಹಾಳೆಯ ಮೇಲೆ ಬರಲೇಬೇಕು. ಇದನ್ನು ನಾನು ಎಷ್ಟು ಸಲ ಹೇಳಿದರೂ, ಮುಂದಿನ ವಾರ ಹೋಗಿ ನೋಡಿದರೆ ಪ್ರೊಜೆಕ್ಟರ್ ಮೊದಲೇ ಓಡುತ್ತಿರುತ್ತದೆ.

ಚಿತ್ರ ಬರೆಸಿದ ಮೇಲೆ ನಾನು ಫೆಟ್ (PhET) ತೆಗೆಯುತ್ತೇನೆ. ಪರದೆಯ ಮೇಲೆಯೇ ವೈರ್, ಬಲ್ಬ್ ಜೋಡಿಸಿ ಪ್ರಯೋಗ ಮಾಡಿ ನೋಡುವಂಥದ್ದು ಇದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಪರದೆಯ ಮೇಲಿನ ಬ್ಯಾಟರಿಯ ಎರಡು ತುದಿಯನ್ನು ಬರೀ ವೈರಿನಿಂದ ಜೋಡಿಸಿದರೆ ಅಲ್ಲೇ ಬೆಂಕಿ ಏಳುತ್ತದೆ. ಒಬ್ಬ ಹುಡುಗ ಅದನ್ನೇ ಮತ್ತೆ ಮತ್ತೆ ಮಾಡುತ್ತಿದ್ದ. “ಬರೀ ಆಟ ಆಡ್ತಿದಾನೆ ಮಿಸ್” ಅಂತ ದೂರು ಬಂತು. ಹೋಗಿ ನೋಡಿದರೆ, ನಡುವೆ ಬಲ್ಬ್ ಸೇರಿಸಿದಾಗ ಬೆಂಕಿ ಯಾಕೆ ಇಲ್ಲ ಅಂತ ಪುಸ್ತಕದಲ್ಲಿ ಬರೆದುಕೊಂಡಿದ್ದ. ಶಾರ್ಟ್ ಸರ್ಕ್ಯೂಟ್ ಪಾಠವನ್ನು ಅವತ್ತು ಅವನಿಂದಲೇ ಮಾಡಿಸಿದೆ.

ಪ್ರತಿ ಮಗುವಿಗೂ ಫೋನ್ ಬೇಕಾ? ನನ್ನ ಅನುಭವದಲ್ಲಿ ಬೇಡ. ನಾಲ್ವರಿಗೆ ಒಂದು ಇದ್ದರೆ ಮಾತುಕತೆ ಜಾಸ್ತಿ. ಎಷ್ಟೋ ಮನೆಯಲ್ಲಿ ಇರುವ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ. ‘ಫೋನ್ ತನ್ನಿ’ ಅಂದರೆ ಆ ಮಗು ಎಲ್ಲರೆದುರು ತಲೆ ತಗ್ಗಿಸಬೇಕಾಗುತ್ತದೆ. ಫ್ರಾನ್ಸ್ 2018ರಲ್ಲೇ ಈ ವಯಸ್ಸಿನ ಮಕ್ಕಳ ಶಾಲೆಯಲ್ಲಿ ಫೋನಿಗೆ ಕಾನೂನಿನಿಂದಲೇ ತಡೆ ಹಾಕಿತು. ಕಲಿಕೆಗೆ ನೆರವಾಗುವಾಗ ಮಾತ್ರ ಬಳಸಿ ಅಂತ 2023ರ ಯುನೆಸ್ಕೊ ವರದಿಯೂ ಹೇಳಿದೆ.

ಕಣ್ಣು ಸರಿಯಾಗಿ ಕಾಣದ, ಓದಲು ತುಂಬ ಕಷ್ಟಪಡುವ ಮಕ್ಕಳ ವಿಷಯ ಬೇರೆ. ಪಾಠ ಓದಿ ಹೇಳುವ ಸಾಧನ ಅವರಿಗೆ ದಿನವೂ ಬೇಕಾಗಬಹುದು. ಶಿಸ್ತಿನ ಹೆಸರಲ್ಲಿ ಅದನ್ನು ಕಿತ್ತುಕೊಳ್ಳಬೇಡಿ.