ಗುಡ್ಡದ ಮೇಲೆ ಎಷ್ಟು ಮರ?

ಅಕ್ಟೋಬರ್ ಮೊದಲ ಭಾನುವಾರ. ಪುಣೆಯ ನಮ್ಮ ಕನ್ನಡ ಬಳಗದ 14 ಮಂದಿ ಸಿಂಹಗಡ ಹತ್ತುತ್ತಿದ್ದೆವು. ಆತಕರವಾಡಿಯಲ್ಲಿ ಹೊರಟಾಗ ತಂಪಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಪುಣೆಯವರು ಹೇಳುವ 'ಅಕ್ಟೋಬರ್ ಹೀಟ್' ಶುರು. ಕುಡಿಕೆಯಲ್ಲಿ ಮೊಸರು ಮಾರುವ ಅಜ್ಜಿಯ ಪಕ್ಕ ಎಲ್ಲರೂ ಕುಸಿದು ಕೂತೆವು. ಧಾರವಾಡದ ಗೆಳೆಯರೊಬ್ಬರು ಫೋನ್ ತೆಗೆದರು. ಅವರ ಮಗಳು ಕೊಲೊರಾಡೊದಲ್ಲಿ ಓದುತ್ತಿದ್ದಾಳೆ. ಹಿಂದಿನ ವಾರ ಅವಳೂ ಗೆಳತಿಯರ ಜೊತೆ ಬೆಟ್ಟ ಹತ್ತಿದ್ದಳು, ಆಸ್ಪೆನ್ ಕಾಡಿನ ನಡುವೆ.

ವಿಡಿಯೊದಲ್ಲಿ ಬಿಳಿ ಕಾಂಡಗಳು, ಮೇಲೆ ಅರಿಶಿನ ಬಣ್ಣದ ಎಲೆ. ಹುಡುಗಿಯ ಕೂದಲು ಅಲುಗುತ್ತಿಲ್ಲ, ಎಲೆಗಳು ಮಾತ್ರ ಒಂದೇ ಸಮ ನಡುಗುತ್ತಿವೆ. ಸದ್ದು ಮೊರದಲ್ಲಿ ಅಕ್ಕಿ ಕೇರಿದ ಹಾಗೆ. "ಥೇಟ್ ಅರಳಿ ಮರ" ಅಂದರು ಯಾರೋ. ಒಳ್ಳೆ ಹೋಲಿಕೆ. ಅಮರಕೋಶ ಅರಳಿಗೆ ಕೊಡುವ ಹೆಸರುಗಳಲ್ಲಿ 'ಚಲದಲ' ಒಂದು, ಅಂದರೆ ಅಲ್ಲಾಡುವ ಎಲೆಯದ್ದು. ಆಸ್ಪೆನ್ನಿನ ವೈಜ್ಞಾನಿಕ ಹೆಸರು ಪಾಪ್ಯುಲಸ್ ಟ್ರೆಮ್ಯುಲಾಯ್ಡಿಸ್. ಅದರಲ್ಲೂ ನಡುಕ ಇದೆ.

ನಡುಗುವ ಉಪಾಯ ಮಾತ್ರ ಬೇರೆ. ಅರಳಿ ಎಲೆಯ ತೊಟ್ಟು ಉದ್ದ, ಸಪೂರ. ಆಸ್ಪೆನ್ನಿನ ತೊಟ್ಟು ರಿಬ್ಬನ್ ಥರ ಚಪ್ಪಟೆ, ಅದೂ ಎಲೆಯ ಹರವಿಗೆ ಅಡ್ಡವಾಗಿ. ಜೇಬಿನಲ್ಲಿದ್ದ ಬಸ್ ಟಿಕೆಟ್ ಹಿಡಿದು ನೋಡಿದೆವು. ಅಗಲದ ಕಡೆಯಿಂದ ಊದಿದರೆ ಸುಮ್ನೆ ಬಾಗುತ್ತದೆ. ಅಂಚಿನ ಕಡೆಯಿಂದ ಊದಿದರೆ ಜಪ್ಪಯ್ಯ ಅಂದರೂ ಬಾಗುವುದಿಲ್ಲ. ತೊಟ್ಟು ಹೀಗಿರುವುದರಿಂದ ಸಣ್ಣ ಗಾಳಿಗೂ ಆಸ್ಪೆನ್ ಎಲೆ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಇದನ್ನೇ ಮಾದರಿಯಾಗಿ ಇಟ್ಟುಕೊಂಡು ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಎಂಜಿನಿಯರುಗಳು 2019ರಲ್ಲಿ ಮೆಲುಗಾಳಿಯಿಂದ ವಿದ್ಯುತ್ ಪಡೆಯುವ ಪುಟ್ಟ ಸಾಧನ ಮಾಡಿದರು. ಮರ ಯಾಕೆ ನಡುಗಬೇಕು ಅನ್ನುವುದಕ್ಕೆ ಹಲವು ಊಹೆಗಳಿವೆ. ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ ಅನ್ನುವುದು ಒಂದು. ಬಿರುಗಾಳಿಗೆ ಎಲೆ ಹರಿಯುವುದಿಲ್ಲ ಅನ್ನುವುದು ಇನ್ನೊಂದು. ನನಗೆ ಮೊದಲನೆಯದೇ ಇಷ್ಟ.

ವಿಡಿಯೊ ಎದುರಿನ ಗುಡ್ಡಕ್ಕೆ ತಿರುಗಿತು. ಅಲ್ಲಿದ್ದದ್ದು ಕೌದಿ! ಒಂದು ತುಂಡು ಹಸಿರು, ಪಕ್ಕದ್ದು ಹಳದಿ, ಅದರಾಚೆಯದು ಕಿತ್ತಳೆ. ಅಂಚುಗಳು ಹೊಲಿದಷ್ಟು ಸ್ಪಷ್ಟ. ಒಂದೇ ಗುಡ್ಡ, ಅದೇ ಚಳಿ, ಅದೇ ಜಾತಿಯ ಮರ. ಮತ್ತೆ ಯಾಕೆ ಹೀಗೆ?

ಉತ್ತರ ಬಾಳೆ ತೋಟ ನೋಡಿದವರಿಗೆಲ್ಲ ಗೊತ್ತು. ಬಾಳೆಗೆ ಬುಡದಿಂದ ಕಂದು ಏಳುತ್ತದೆ. ತಾಯಿಗೂ ಕಂದಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ. ಆಸ್ಪೆನ್ ಕೂಡ ಹಾಗೇ ಹಬ್ಬುತ್ತದೆ, ಆದರೆ ಗಡ್ಡೆಯಿಂದಲ್ಲ, ನೆಲದಡಿ ದೂರ ದೂರ ಹರಿಯುವ ಬೇರಿನಿಂದ. ಮೇಲೆ ಕೊಂಬೆಗಳ ತುದಿಯಲ್ಲಿ ಹುಟ್ಟುವ ಆಕ್ಸಿನ್ ಅನ್ನುವ ಹಾರ್ಮೋನು ಬೇರಿಗೆ ಇಳಿದು ಕಂದುಗಳನ್ನು ತಡೆದಿಡುತ್ತದೆ. ಕಾಡಿಗೆ ಬೆಂಕಿ ಬಿದ್ದು ಕಾಂಡ ಸತ್ತರೆ ತಡೆಯೂ ಹೋಯಿತು. ಆಗ ಬೂದಿಯ ನಡುವಿನಿಂದ ಸಾವಿರಾರು ಕಂದುಗಳು ಏಳುತ್ತವೆ. ಹಾಗಾಗಿ ಕೌದಿಯ ಒಂದು ತುಂಡು ಅಂದರೆ ಒಂದು ಗಿಡ. ಅದರ ಕಾಂಡಗಳೆಲ್ಲ ಹೆಚ್ಚು ಕಡಿಮೆ ಒಂದೇ ವಾರದಲ್ಲಿ ಹಳದಿಯಾಗುತ್ತವೆ. ಪಕ್ಕದ ಗಿಡಕ್ಕೆ ಅದರದೇ ಪಂಚಾಂಗ. ಬೇಸಿಗೆಯಲ್ಲಿ ನೋಡಿದರೆ ಎಲ್ಲವೂ ಒಂದೇ ಹಸಿರು, ಗಡಿ ಕಾಣುವುದಿಲ್ಲ. ಎಲೆ ಮಾಗುವ ಕಾಲಕ್ಕೆ ಬೆಟ್ಟ ಹತ್ತಿದವರಿಗೆ ಮಾತ್ರ ಈ ಲೆಕ್ಕ ಬರಿಗಣ್ಣಿಗೇ ಸಿಗುತ್ತದೆ.

ಯೂಟಾ ರಾಜ್ಯದ ಫಿಶ್ ಲೇಕ್ ಹತ್ತಿರ ಇಂಥದ್ದೇ ಒಂದಿದೆ, ಹೆಸರು ಪಾಂಡೊ. ಲ್ಯಾಟಿನ್ನಿನಲ್ಲಿ 'ನಾನು ಹರಡುತ್ತೇನೆ' ಎಂದರ್ಥ. ಸುಮಾರು 47,000 ಕಾಂಡ, 43 ಹೆಕ್ಟೇರ್, ಅಂದಾಜು 6,000 ಟನ್ ತೂಕ. ಎಲ್ಲ ಸೇರಿ ಒಂದೇ ಗಂಡು ಗಿಡ. ಈಗ ಅದಕ್ಕೆ ಕಷ್ಟಕಾಲ. ಹೊಸ ಕಂದುಗಳನ್ನು ಜಿಂಕೆ, ದನ ಮೇಯುತ್ತವೆ. ಮುದಿ ಕಾಂಡ ಬಿದ್ದ ಜಾಗ ಖಾಲಿ ಉಳಿಯುತ್ತದೆ. ಕೆಲವು ಕಡೆ ಬೇಲಿ ಹಾಕಿದ್ದಾರೆ.

ಹಳದಿ ಎಲ್ಲಿಂದ ಬಂತು ಅಂದರೆ, ಎಲ್ಲಿಂದಲೂ ಬಂದಿಲ್ಲ. ಹಗಲು ಕುಗ್ಗಿ ರಾತ್ರಿ ತಂಪಾದಾಗ ಮರ ಎಲೆಯ ಹಸಿರನ್ನು ಒಡೆದು ಸಾರಜನಕವನ್ನು ವಾಪಸ್ ಎಳೆದುಕೊಳ್ಳುತ್ತದೆ. ಅಡಿಯಲ್ಲಿ ಮೊದಲಿಂದ ಇದ್ದ ಹಳದಿ ಆಗ ಕಾಣುತ್ತದೆ, ಅಷ್ಟೇ. ನಮ್ಮ ಸಹ್ಯಾದ್ರಿಯಲ್ಲಿ ಎಲೆ ಜಾಸ್ತಿ ಉದುರುವುದು ಫೆಬ್ರವರಿ, ಮಾರ್ಚಿನಲ್ಲಿ. ಇಲ್ಲಿ ಮರಕ್ಕೆ ಹೆದರಿಕೆ ಚಳಿಯದ್ದಲ್ಲ, ನೀರಿನದ್ದು.

ಹಾಗಂತ ಅಕ್ಟೋಬರಿನ ಸಿಂಹಗಡಕ್ಕೆ ಹಳದಿ ಇಲ್ಲ ಅಂತಲ್ಲ. ಮೇಲೆ ಹೋದರೆ ಇಳಿಜಾರಿನ ತುಂಬ ಸೋನಕಿ ಹೂ. ಪಿಠಲಾ-ಭಾಕ್ರಿ ಹೇಳಿ ಕಾಯುತ್ತಿದ್ದೆವು (ನಮ್ಮ ಹುಬ್ಬಳ್ಳಿಯವರು ಅದನ್ನು ಝುಣಕಾ-ರೊಟ್ಟಿ ಅಂತಲೇ ಕೇಳುವುದು). ಗುಂಪಿನ ಒಂಬತ್ತು ವರ್ಷದ ಹುಡುಗ ಹೂವಿನ ಬಯಲು ತೋರಿಸಿದ.

"ಇದೂ ಒಂದೇ ಗಿಡಾನಾ?"

ಅಲ್ಲ. ಸೋನಕಿ ಒಂದು ವರ್ಷದ ಗಿಡ. ಪ್ರತಿಯೊಂದೂ ಈ ಮಳೆಗಾಲಕ್ಕೆ ಬೇರೆ ಬೇರೆ ಬೀಜದಿಂದ ಹುಟ್ಟಿದ್ದು. ಬೀಜ ಚೆಲ್ಲಿ ಒಣಗಿ ಹೋಗುತ್ತದೆ. "ಹಂಗಾದ್ರೆ ಇದು ಒಂದು ಹೂವು" ಎಂದು ಒಂದನ್ನು ಕಿತ್ತು ಹಿಡಿದ. ಅದೂ ಅಲ್ಲ! ಸೋನಕಿ ಸೇವಂತಿಗೆಯ ಕುಟುಂಬದ್ದು. ಎಸಳು ಅಂತ ಕಾಣುವುದೇ ಒಂದೊಂದು ಹೂವು, ನಡುವಿನ ಗುಂಡಿಯಲ್ಲಿ ಇನ್ನಷ್ಟು ಚಿಕ್ಕ ಹೂವು ಒತ್ತಾಗಿ ಕೂತಿರುತ್ತವೆ. ಅವನು ಉಗುರಿನಿಂದ ಬಿಡಿಸಿ, ಅಂಗೈ ಮೇಲೆ ಸಾಲಾಗಿ ಇಡುತ್ತಾ ಎಣಿಸತೊಡಗಿದ. ಹನ್ನೆರಡಕ್ಕೆ ಭಾಕ್ರಿ ಬಂತು, ಲೆಕ್ಕ ತಪ್ಪಿತು.