ಸ್ಕಿಜೋಫ್ರೇನಿಯಾ ಇರುವ ತಾಯಿ, ಮಗುವಿಗೆ ಅಪಾಯ: ನಾನು ಎಡವಿದ ಜಾಗದ ಸಮೇತ ಟಿಪ್ಪಣಿ

ಮನೋವೈದ್ಯಕೀಯ ನರ್ಸಿಂಗ್ ಪರೀಕ್ಷೆಗೆ ಓದುತ್ತಾ ಬರೆದುಕೊಂಡದ್ದು. ಸ್ಕಿಜೋಫ್ರೇನಿಯಾ ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ಗಟ್ಟಿಯಾಗಿ ನಂಬಿಸುವ ತೀವ್ರ ಮಾನಸಿಕ ಕಾಯಿಲೆ. ಅದರ ಲಕ್ಷಣ, ಮಾತ್ರೆಗಳ ಹೆಸರು ಇಲ್ಲಿಲ್ಲ, ಅವು ನಿಮಗೂ ಬಾಯಿಪಾಠ ಇರುತ್ತವೆ. ನನ್ನ ತಲೆ ಕೆಟ್ಟದ್ದು ಬೇರೆ ಕಡೆ.

ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೆರಿಗೆಯ ನಂತರ ತೀವ್ರ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಗೆ ದಾಖಲಾದ 50 ತಾಯಂದಿರನ್ನು ಅವರು ಮಾತಾಡಿಸಿದರು. ಮಗುವನ್ನು ಕೊಲ್ಲುವ ಯೋಚನೆ ಬಂದಿತ್ತು ಅಂದವರು 43%. ಆ ದಿಕ್ಕಿನ ವರ್ತನೆಯೂ ಇತ್ತು ಅಂದವರು 36%. ಓದಿದ ಕೂಡಲೇ ನಾನು ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಿಂದ ಬರೆದೆ: 'ಸ್ಕಿಜೋಫ್ರೇನಿಯಾ ಇರುವ ಮೂವರು ತಾಯಂದಿರಲ್ಲಿ ಒಬ್ಬರು ಮಗುವಿಗೆ ಅಪಾಯ.'

ಈ ಒಂದೇ ಸಾಲಿನಲ್ಲಿ ಮೂರು ತಪ್ಪುಗಳಿವೆ. ಆ 50 ಜನರೆಲ್ಲ ಸ್ಕಿಜೋಫ್ರೇನಿಯಾದವರಲ್ಲ, ಬೇರೆ ಬೇರೆ ತೀವ್ರ ಕಾಯಿಲೆಗಳವರು. ಎಲ್ಲರೂ ಹಸಿ ಬಾಣಂತನದ ಆಸುಪಾಸಿನವರು. ನಮ್ಮ ಕಡೆ ಬಾಣಂತಿ ಸನ್ನಿ ಅನ್ನುತ್ತಾರಲ್ಲ, ಅಂಥ ಕಾಲ. ಮೂರನೆಯದೇ ದೊಡ್ಡ ತಪ್ಪು: ಇವರು ದಾಖಲಾಗುವಷ್ಟು ಕಾಯಿಲೆ ಏರಿದವರು. ಮನೆಯಲ್ಲಿ ಮಾತ್ರೆ ತಗೊಂಡು, ಮಕ್ಕಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿರುವ ತಾಯಿ ಆ ಎಣಿಕೆಯಲ್ಲಿ ಇಲ್ಲವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300ರಿಂದ 350 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. ಅಂದರೆ ಅಂಥ ತಾಯಂದಿರು ಎಷ್ಟೊಂದು ಜನ, ಯೋಚನೆ ಮಾಡಿ.

ಈಗ ಪ್ರತಿ ಶೇಕಡಾವಾರು ಕಂಡಾಗಲೂ ಕೇಳಿಕೊಳ್ಳುತ್ತೇನೆ: ಇವರು ಯಾವ ಬಾಗಿಲಲ್ಲಿ ನಿಂತು ಎಣಿಸಿದರು? ಮೂಳೆ ಡಾಕ್ಟರ ಕ್ಲಿನಿಕ್ ಬಾಗಿಲಲ್ಲಿ ನಿಂತು ಎಣಿಸಿದರೆ, ಹತ್ತರಲ್ಲಿ ನಾಲ್ವರು ಬೈಕಿನಿಂದ ಬಿದ್ದವರು ಸಿಗಬಹುದು. ಹಾಗಂತ ಬೈಕ್ ಓಡಿಸುವ ಹತ್ತು ಜನರಲ್ಲಿ ನಾಲ್ವರ ಕೈ ಮುರಿಯುತ್ತದಾ? ಇಲ್ಲ ಅಲ್ವಾ. ಅದೇ ಲೆಕ್ಕ ಇಲ್ಲೂ. ಅಮೆರಿಕದ ಮನೋವೈದ್ಯ ಫಿಲಿಪ್ ರೆಸ್ನಿಕ್ 1969ರಲ್ಲಿ ಒಟ್ಟುಮಾಡಿದ, ಹೆತ್ತವರೇ ಮಗುವನ್ನು ಕೊಂದ 131 ಪ್ರಕರಣಗಳು ಎಲ್ಲ ಪಠ್ಯದಲ್ಲೂ ಬರುತ್ತವೆ. ಅವರು ನಿಂತದ್ದು ಇನ್ನೂ ಆಚೆಯ ಬಾಗಿಲಲ್ಲಿ. ಅಲ್ಲಿ ಮಗು ಆಗಲೇ ಸತ್ತಿದೆ. ಆ ಪಟ್ಟಿಯಲ್ಲಿ ಕಾಯಿಲೆಯವರು ಎಷ್ಟು ಅಂತ ಹೇಳಬಹುದು. ಕಾಯಿಲೆ ಇರುವವರಲ್ಲಿ ಎಷ್ಟು ಜನ ಹಾಗೆ ಮಾಡುತ್ತಾರೆ ಅನ್ನೋದು ಆ ಪಟ್ಟಿಯಿಂದ ಬರೋದಿಲ್ಲ. ನನಗೆ ಇದು ತಲೆಗೆ ಹತ್ತಲು ಎರಡು ದಿನ ಬೇಕಾಯಿತು, ಅದಕ್ಕೇ ಇಷ್ಟು ಉದ್ದ ಬರೆದೆ.

ಮಗು ಕಥೆಯ ಒಳಗಿದೆಯಾ?

ಇದು ನನ್ನ ಶಾರ್ಟ್‌ಕಟ್. ಡೆಲ್ಯೂಷನ್ (ಭ್ರಮೆ) ಅಂದರೆ ಕಾಯಿಲೆ ಇರುವ ತಾಯಿಯ ತಲೆಯಲ್ಲಿ ಗಟ್ಟಿಯಾಗಿ ಕೂತ ಒಂದು ಕಥೆ ಅಂದುಕೊಳ್ಳಿ. 'ಪಕ್ಕದ ಮನೆಯವರು ನನ್ನ ಫೋನ್ ಕದ್ದು ಕೇಳುತ್ತಾರೆ.' ಇಲ್ಲಿ ಮಗು ಕಥೆಯ ಹೊರಗಿದೆ. 'ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ', 'ಇದರೊಳಗೆ ಏನೋ ಸೇರಿಕೊಂಡಿದೆ', 'ಇವನನ್ನು ಹಿಂಸೆ ಮಾಡಲು ಬರುತ್ತಿದ್ದಾರೆ.' ಇಲ್ಲಿ ಮಗು ಒಳಗೆ ಬಂತು. 2002ರ ಅಧ್ಯಯನದಲ್ಲೂ ಕೊಲ್ಲುವ ಯೋಚನೆಯ ಜೊತೆ ಗಂಟು ಬಿದ್ದದ್ದು ಎರಡು: ಖಿನ್ನತೆ, ಮತ್ತು ಮಗುವಿನ ಬಗ್ಗೆಯೇ ಇರುವ ಭ್ರಮೆಗಳು. ಕಾಯಿಲೆಯ ಹೆಸರಿಗಿಂತ ಕಥೆಯ ಒಳಗಿನ ವಿಷಯ ಜಾಸ್ತಿ ಹೇಳುತ್ತದೆ.

ಕಿವಿಯಲ್ಲಿ ಕೇಳುವ ದನಿಗೂ ಇದೇ ಪ್ರಶ್ನೆ. ದನಿ ಏನು ಹೇಳುತ್ತದೆ, ಅದು ಯಾರ ದನಿ ಅಂತ ಆಕೆ ನಂಬಿದ್ದಾಳೆ, ಹಿಂದೆ ಅದು ಹೇಳಿದ್ದನ್ನು ಮಾಡಿದ್ದಾಳಾ? 'ದೇವರೇ ಹೇಳುತ್ತಿದ್ದಾನೆ' ಅಂತ ನಂಬಿದವಳಿಗೆ ಮೀರುವುದು ಕಷ್ಟ.

ನಾನು ಸಿಟ್ಟು ಹುಡುಕುತ್ತಿದ್ದೆ. ಹೊಡೆಯುವ ತಾಯಿ, ಬೈಯುವ ತಾಯಿ. ಆದರೆ ಕೊಂದ ಕಾರಣ ನೋಡಿ ರೆಸ್ನಿಕ್ ಮಾಡಿದ ಐದು ಗುಂಪುಗಳಲ್ಲಿ ದೊಡ್ಡದು ದ್ವೇಷದ್ದಲ್ಲ. 'ನಾನು ಸತ್ತರೆ ಇವನಿಗೆ ಯಾರು ದಿಕ್ಕು', 'ಈ ನರಕದಿಂದ ಇವಳನ್ನು ಪಾರು ಮಾಡಬೇಕು' ಅನ್ನುವ ಗುಂಪು ಅದು. ಹಾಗಾಗಿ 'ಮಗು ಅಂದ್ರೆ ಪ್ರಾಣ ಸಿಸ್ಟರ್ ಅವಳಿಗೆ' ಅಂತ ಅತ್ತೆ ಹೇಳಿದ್ದನ್ನು ಕೇಳಿ ಕೇಸ್‌ಶೀಟಿನಲ್ಲಿ 'ಅಪಾಯವಿಲ್ಲ' ಅಂತ ಬರೆಯುವ ಹಾಗಿಲ್ಲ. ತಾಯಿಗೆ ಸಾಯುವ ಯೋಚನೆ ಇದ್ದರೆ, ಮಗುವಿನ ಬಗ್ಗೆಯೂ ಆಗಲೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತದೆ ಅನ್ನುವ ಭಯ ಬೇಡ. 'ಇಷ್ಟು ಕಷ್ಟದಲ್ಲಿರುವಾಗ ಕೆಲವು ತಾಯಂದಿರಿಗೆ ಮಗುವಿಗೆ ಏನಾದರೂ ಮಾಡಿಬಿಡ್ತೀನೇನೋ ಅನ್ನಿಸುತ್ತೆ, ನಿಮಗೂ ಹಾಗೆ ಅನ್ನಿಸಿದೆಯಾ ಅಮ್ಮ?' ಅಂತ ಕೇಳುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ನಗಬೇಡಿ, ಮೊದಲ ಸಲ ಬಾಯಿ ಬರೋದೇ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗೀಳು ಕಾಯಿಲೆ, ಅಂದರೆ ಓಸಿಡಿ ಇರುವ ಬಾಣಂತಿಗೂ ಮಗುವನ್ನು ಗಾಯ ಮಾಡುವ ಚಿತ್ರಗಳು ತಲೆಗೆ ಬರುತ್ತವೆ. ಅವಳು ಅದಕ್ಕೆ ಹೆದರಿ ನಡುಗುತ್ತಾಳೆ, ಚಾಕು ಬಚ್ಚಿಡುತ್ತಾಳೆ, ಮಗುವಿಗೆ ಸ್ನಾನ ಮಾಡಿಸಲೂ ಹಿಂಜರಿಯುತ್ತಾಳೆ. ಆ ಯೋಚನೆ ಅವಳಿಗೇ ಬೇಡವಾದದ್ದು. ಭ್ರಮೆಯಲ್ಲಿ ಇರುವವಳಿಗೆ ಅದು ಸರಿಯೇ ಅನ್ನಿಸುತ್ತದೆ. ಎರಡನ್ನೂ ಒಂದೇ ಅಂತ ಬರೆದರೆ, ಗೀಳಿನ ತಾಯಿಯಿಂದ ಸುಮ್ನೆ ಮಗುವನ್ನು ಕಿತ್ತುಕೊಂಡ ಹಾಗಾಗುತ್ತದೆ.

ಅಪಾಯ ಹೆಚ್ಚಿಸುವ ಉಳಿದ ಸಂಗತಿಗಳು, ಬೇಗ ಬೇಗ

ಮಾತ್ರೆ ನಿಲ್ಲಿಸಿರುವುದು. ಎಷ್ಟೋ ಸಲ ಗರ್ಭಿಣಿ ಅಂತ ಗೊತ್ತಾದ ದಿನವೇ ಮನೆಯವರು ನಿಲ್ಲಿಸಿಬಿಡುತ್ತಾರೆ, ಡಾಕ್ಟರನ್ನು ಕೇಳದೆ. ತನಗೆ ಕಾಯಿಲೆಯೇ ಇಲ್ಲ ಅನ್ನುವುದು. ಹಿಂದೆ ಹಿಂಸೆ ಮಾಡಿದ ಇತಿಹಾಸ. ಬಾಲ್ಯದಲ್ಲಿ ತಾನೇ ಏಟು ತಿಂದದ್ದು. ಕೈಕೂಸನ್ನು ಒಬ್ಬಳೇ ನೋಡಿಕೊಳ್ಳುವುದು, ನಿದ್ದೆ ಇಲ್ಲದಿರುವುದು. ಕುಡಿತ: 2009ರಲ್ಲಿ ಸಂಶೋಧಕ ಸೀನಾ ಫಜೆಲ್ ತಂಡ 20 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ, ಸ್ಕಿಜೋಫ್ರೇನಿಯಾ ಇದರಲ್ಲೊಂದು) ಇರುವವರಲ್ಲಿ ಹಿಂಸೆಯ ಆಡ್ಸ್ ರೇಶಿಯೊ (ಸಾಮಾನ್ಯ ಜನರಿಗೆ ಹೋಲಿಸಿದ ಅಳತೆ, 1 ಅಂದರೆ ವ್ಯತ್ಯಾಸವಿಲ್ಲ) ಮದ್ಯ ಅಥವಾ ಮಾದಕ ವಸ್ತು ಜೊತೆಗಿದ್ದಾಗ 8.9, ಇಲ್ಲದಾಗ 2.1. ಇದು ಸಾಮಾನ್ಯ ಹಿಂಸೆಯ ಲೆಕ್ಕ, ಮಕ್ಕಳ ಮೇಲಿನದ್ದಲ್ಲ. ಬಾಗಿಲು ನೋಡಿಕೊಳ್ಳಿ! ನಮ್ಮಲ್ಲಿ ಕುಡಿದು ಹೊಡೆಯುವುದು ಹೆಚ್ಚಾಗಿ ಗಂಡ, ಆದ್ದರಿಂದ ಅವನ ಬಗ್ಗೆಯೂ ಕೇಳಿ ಅನ್ನುವುದು ನನ್ನ ಅಭಿಪ್ರಾಯ.

ಯಾವುದರಲ್ಲೂ ಆಸಕ್ತಿ ಇಲ್ಲದೆ ಮಂಕು ಕವಿದು ಕೂತ ತಾಯಿ ಹೊಡೆಯದೇ ಇರಬಹುದು, ಆದರೆ ಹಾಲು ಕುಡಿಸುವುದನ್ನು ಮರೆಯಬಹುದು. ಅದು ನಿರ್ಲಕ್ಷ್ಯದ ಖಾನೆ. ಅದಕ್ಕೆ ಬೇಕಾದದ್ದು ಕಾವಲಲ್ಲ, ಸಹಾಯದ ಕೈ.

ಮಗುವನ್ನು ದೂರ ಇಡಬೇಕಾ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 21ನೇ ಸೆಕ್ಷನ್ ಪ್ರಕಾರ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಮಗುವಿಗೆ ಅಪಾಯವಿದೆ ಅಂತ ಮನೋವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ಯಾರಾದರೂ ಜೊತೆಗಿದ್ದು ತಾಯಿಗೆ ಮಗುವನ್ನು ತೋರಿಸುತ್ತಿರಬೇಕು. ಪ್ರತಿ 15 ದಿನಕ್ಕೊಮ್ಮೆ ಮರುಪರಿಶೀಲನೆ, 30 ದಿನ ದಾಟಿದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ನಿಮ್ಹಾನ್ಸ್‌ನಲ್ಲಿ 2009ರಿಂದ ಇರುವ ತಾಯಿ-ಮಗು ವಾರ್ಡ್ ಇದೇ ಯೋಚನೆಯದ್ದು: ಇಬ್ಬರನ್ನೂ ಒಟ್ಟಿಗೇ ದಾಖಲಿಸಿ, ಪಕ್ಕದಲ್ಲಿ ಕೂತು ನೋಡುವುದು.

ಕೆಂಪು ಪೆನ್ನಿನ ಆ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ 'ಯಾವ ಬಾಗಿಲು?' ಅಂತ ಬರೆದಿದ್ದೇನೆ.